ತಾಯಿಯ ಮೇಲಿನ ಅಪವಾದ

‘ತಾಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಸೀರೆ ಚೆನ್ನಾಗಿದ್ದಾಗ ನೂಲನ್ನು ನೆನೆಯುವವರು ವಿರಳ. ಅದರಲ್ಲಿ ಹರಕು ಕಂಡಾಗ ಮಾತ್ರ ಎಲ್ಲರ ಕಣ್ಣೂ ನೂಲಿನ ಮೇಲೆಯೇ. ಮಗುವಿಗೆ ಮಾತು ಬರುವುದು ತಡವಾದರೆ, ಅದರ ನಡವಳಿಕೆ ವಿಲಕ್ಷಣವಾಗಿದ್ದರೆ, ಮೊದಲು ವಿಚಾರಣೆಗೆ ಗುರಿಯಾಗುವವಳು ಹೆತ್ತವಳು. ಇದು ಓದುಬರಹ ತಿಳಿಯದ ಜನರ ಅವಿವೇಕವೆಂದು ಯಾರಾದರೂ ಭಾವಿಸಿದ್ದಲ್ಲಿ ಅವರು ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಮಕ್ಕಳ ಮನೋವೈದ್ಯದ ಚರಿತ್ರೆಯನ್ನು ಒಮ್ಮೆ ನೋಡಬೇಕು. ಅಮೆರಿಕದಂಥ ಮುಂದುವರಿದ ದೇಶದಲ್ಲಿ, ವಿಶ್ವವಿದ್ಯಾಲಯದ ಪೀಠಗಳಿಂದಲೇ, ಈ ಅಪವಾದವು ಶಾಸ್ತ್ರದ ಉಡುಪು ತೊಟ್ಟು ಎರಡು ದಶಕಗಳ ಕಾಲ ಮೆರೆಯಿತು.

ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಹಳಗನ್ನಡ ಕಾವ್ಯವನ್ನೂ ಅಲಂಕಾರಶಾಸ್ತ್ರವನ್ನೂ ಪಾಠ ಹೇಳಿದವನು. ನಿವೃತ್ತಿಯ ಬಿಡುವಿನಲ್ಲಿ ಈ ಶಾಸ್ತ್ರದ ಹಳೆಯ ಲೇಖನಗಳನ್ನು ಹುಡುಕಿ ಓದುವಂತೆ ನನ್ನನ್ನು ಸೆಳೆದುದು ಅವುಗಳಲ್ಲಿ ಬರುವ ಮಕ್ಕಳ ಮಾತು. ಓದುತ್ತ ಹೋದಂತೆ ಮತ್ತೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಪಂಡಿತರೊಬ್ಬರ ಒಂದು ಉಪಮೆ ಸಾವಿರಾರು ತಾಯಂದಿರನ್ನು ಸುಟ್ಟಿತು. ಆ ಉರಿಯನ್ನು ಆರಿಸಿದ್ದು ಬರಿಯ ಎಣಿಕೆ.

1938ರಲ್ಲಿ ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಿಂದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಒಂದು ಪತ್ರ ಬಂದಿತು. ಬೆರಳಚ್ಚು ಮಾಡಿದ 33 ಪುಟಗಳ ಪತ್ರ. ಬರೆದವರು ಒಬ್ಬ ವಕೀಲರು. ವಿಷಯ, ಅವರ ಐದು ವರ್ಷದ ಮಗ ಡೊನಾಲ್ಡ್. ಹುಡುಗನಿಗೆ ಒಂದು ವರ್ಷವಾಗುವಷ್ಟರಲ್ಲೇ ಹಲವು ಹಾಡುಗಳ ಧಾಟಿಯನ್ನು ತಪ್ಪಿಲ್ಲದೆ ಗುನುಗುವ ಶಕ್ತಿ ಬಂದಿತ್ತು. ಬೈಬಲ್ಲಿನ 23ನೆಯ ಕೀರ್ತನೆಯನ್ನೂ ಧರ್ಮಬೋಧೆಯ 25 ಪ್ರಶ್ನೋತ್ತರಗಳನ್ನೂ ತೀರ ಎಳೆಯ ವಯಸ್ಸಿನಲ್ಲೇ ಬಾಯಿಪಾಠ ಒಪ್ಪಿಸುತ್ತಿದ್ದ. ಆದರೆ ತಂದೆ ಮನೆಗೆ ಬಂದರೆ ತಲೆಯೆತ್ತಿ ನೋಡುವವನಲ್ಲ. ದುಂಡಗಿನದು ಏನು ಸಿಕ್ಕಿದರೂ ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತ ಕುಳಿತುಬಿಡುವನು. ಯಾರಾದರೂ ತಡೆದರೆ ರಂಪ. ಒಬ್ಬನೇ ಇದ್ದಾಗ ಅವನಷ್ಟು ಸುಖಿ ಇನ್ನೊಬ್ಬನಿಲ್ಲ.

ಆ ಪತ್ರವನ್ನು ಓದಿ ಹುಡುಗನನ್ನು ಕರೆಸಿಕೊಂಡವರು ಲಿಯೋ ಕ್ಯಾನರ್. ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಅಂಚಿನ ಒಂದು ಹಳ್ಳಿಯಲ್ಲಿ 1894ರಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ವೈದ್ಯ ಕಲಿತು, 1924ರಲ್ಲಿ ಅಮೆರಿಕಕ್ಕೆ ವಲಸೆ ಬಂದವರು. 1930ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವನ್ನು ಕಟ್ಟಿದವರು. 1935ರಲ್ಲಿ ಈ ಶಾಸ್ತ್ರದ ಮೊದಲ ಇಂಗ್ಲಿಷ್ ಪಠ್ಯಗ್ರಂಥವನ್ನು ಬರೆದವರು. ಡೊನಾಲ್ಡನಂಥ ಇನ್ನೂ ಹತ್ತು ಮಕ್ಕಳನ್ನು ಅವರು ಕಂಡರು. 1943ರಲ್ಲಿ ಈ ಹನ್ನೊಂದು ಮಕ್ಕಳ, ಎಂದರೆ 8 ಹುಡುಗರ ಮತ್ತು 3 ಹುಡುಗಿಯರ, ವೃತ್ತಾಂತವನ್ನು ಪ್ರಕಟಿಸಿದರು. ಇಂದು ನಾವು ಆಟಿಸಂ ಎಂದು ಕರೆಯುವ ಸ್ಥಿತಿಯ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುವುದು ರೂಢಿ. ಆ ಪದ ಮಾತ್ರ ಹಳೆಯದು. ‘ತಾನು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಬೇರೊಂದು ರೋಗದ ವರ್ಣನೆಗಾಗಿ ಅದನ್ನು ರೂಪಿಸಿದ್ದರು. ಇಂಥ ಮಕ್ಕಳನ್ನು ಕಂಡವರಲ್ಲಿ ಕ್ಯಾನರರೇ ಮೊದಲಿಗರೆಂದೂ ಹೇಳಲಾಗದು. ಮಾಸ್ಕೋದಲ್ಲಿ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ 1925ರಲ್ಲೇ ಆರು ಹುಡುಗರನ್ನು ಕುರಿತು ಬರೆದಿದ್ದರು. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ 1944ರಲ್ಲಿ ಬರೆದರು. ಅವರಿಗೆ ನಾಜಿಗಳ ಶಿಶುಹತ್ಯೆಯ ವ್ಯವಸ್ಥೆಯೊಡನೆ ಇದ್ದ ಸಂಬಂಧವನ್ನು 2018ರಲ್ಲಿ ಪ್ರಕಟವಾದ ದಾಖಲೆಗಳು ಬಯಲಿಗೆ ತಂದವು. ಅದು ಬೇರೆಯೇ ಒಂದು ಭಾಷಣಕ್ಕೆ ತಕ್ಕ ವಿಷಯ.

ಕ್ಯಾನರರ ಲೇಖನದಲ್ಲಿ ಸಾಹಿತ್ಯದ ವಿದ್ಯಾರ್ಥಿಯನ್ನು ಹಿಡಿದು ನಿಲ್ಲಿಸುವ ಭಾಗ ಮಕ್ಕಳ ಭಾಷೆಯದು. ಡೊನಾಲ್ಡನಿಗೆ ‘ನಾನು’ ಎನ್ನಬೇಕಾದಲ್ಲಿ ‘ನೀನು’ ಬರುತ್ತಿತ್ತು. ತಾನು ಕೇಳಿದ ವಾಕ್ಯವನ್ನು ಅವನು ಒಡೆಯದೆ ಇಡಿಯಾಗಿ ಇಟ್ಟುಕೊಳ್ಳುತ್ತಿದ್ದ. ‘ನಿನಗೆ ಹಾಲು ಬೇಕೆ’ ಎಂದು ತಾಯಿ ಕೇಳಿದ್ದರೆ, ಹಾಲು ಬೇಕಾದಾಗ ಅದೇ ಮಾತು ಅವನ ಬಾಯಿಂದ ಹೊರಡುವುದು. ‘ಹೌದು’ ಎನ್ನಲು ಕಲಿಸಬೇಕೆಂದು ತಂದೆ ಒಂದು ಉಪಾಯ ಹೂಡಿದರು: ಹೌದು ಎಂದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ. ಹುಡುಗ ಕಲಿತ. ಆದರೆ ಅಂದಿನಿಂದ ‘ಹೌದು’ ಎಂಬುದಕ್ಕೆ ಅವನ ನಿಘಂಟಿನಲ್ಲಿ ‘ನನ್ನನ್ನು ಹೆಗಲ ಮೇಲೆ ಕೂರಿಸಿಕೋ’ ಎಂಬುದೇ ಅರ್ಥವಾಯಿತು! ಮತ್ತೊಬ್ಬ ಹುಡುಗ, ನಾಯಿಯನ್ನು ಉಪ್ಪರಿಗೆಯಿಂದ ಎಸೆಯಬೇಡ ಎಂದು ಆಗಾಗ ಹೇಳುತ್ತಿದ್ದನಂತೆ. ಅಲ್ಲಿ ನಾಯಿಯೂ ಇಲ್ಲ, ಉಪ್ಪರಿಗೆಯೂ ಇಲ್ಲ. ಹುಚ್ಚುಮಾತು ಎಂದು ಬಿಟ್ಟುಬಿಡಬಹುದಾಗಿತ್ತು. ಕ್ಯಾನರರು ಬಿಡಲಿಲ್ಲ. ತಾಯಿಯನ್ನು ವಿಚಾರಿಸಿದಾಗ ತಿಳಿದುಬಂದ ಸಂಗತಿ: ಕೆಲವು ವರ್ಷಗಳ ಹಿಂದೆ ಒಂದು ಹೋಟೆಲಿನಲ್ಲಿ ಇಳಿದುಕೊಂಡಿದ್ದಾಗ ಅವನು ಆಟದ ನಾಯಿಯನ್ನು ಮತ್ತೆ ಮತ್ತೆ ಕೆಳಕ್ಕೆ ಎಸೆಯುತ್ತಿದ್ದ, ಬೇಸತ್ತ ತಾಯಿ ಹಾಗೆಂದು ಗದರಿದ್ದಳು. ಅಂದಿನಿಂದ ಏನನ್ನಾದರೂ ಎಸೆಯಬೇಕೆಂಬ ಆಸೆ ಬಂದಾಗಲೆಲ್ಲ ಅವನು ಆ ಮಾತಿನಿಂದ ತನ್ನನ್ನು ತಾನೇ ಗದರಿಕೊಳ್ಳುತ್ತಿದ್ದ.

1946ರಲ್ಲಿ ಕ್ಯಾನರರು ಈ ಬಗೆಯ ಮಾತುಗಳ ಮೇಲೆಯೇ ಪ್ರತ್ಯೇಕ ಲೇಖನ ಬರೆದು, ಇವು ಅಸಂಬದ್ಧವಲ್ಲ, ರೂಪಕಗಳು ಎಂದು ತೋರಿಸಿದರು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ನಮ್ಮ ಕಿವಿಗೆ ಬೀಳುವುದು ಉಪಮಾನ ಮಾತ್ರ. ಉಪಮೇಯವು ಮಗುವಿನ ನೆನಪಿನಲ್ಲಿ ಉಳಿದಿದೆ. ಅದನ್ನು ಬಲ್ಲವಳು ಜೊತೆಯಲ್ಲಿದ್ದ ತಾಯಿ. ಅವಳನ್ನು ಕೇಳದೆ ಅರ್ಥ ಬಿಡಿಸುವಂತಿಲ್ಲ. ಮಕ್ಕಳ ರೂಪಕಕ್ಕೆ ಇಷ್ಟು ಸಹೃದಯತೆಯಿಂದ ವ್ಯಾಖ್ಯಾನ ಬರೆದ ಮನುಷ್ಯನೇ ಮೂರು ವರ್ಷದ ತರುವಾಯ ತನ್ನದೊಂದು ಉಪಮೆಯನ್ನು ಲೋಕದ ಮೇಲೆ ಬಿಟ್ಟುದು ಈ ಚರಿತ್ರೆಯ ವಿಚಿತ್ರ.

1943ರ ಲೇಖನದಲ್ಲಿಯೇ ಎರಡು ದನಿಗಳಿದ್ದವು. ಈ ಮಕ್ಕಳು ಹುಟ್ಟಿನಿಂದಲೇ ಹೀಗಿರುತ್ತಾರೆ ಎಂಬುದು ಅದರ ತೀರ್ಮಾನ. ಆದರೆ ಅದಕ್ಕೆ ತುಸು ಮುಂಚೆ, ಇವರ ತಂದೆತಾಯಿಗಳಲ್ಲಿ ನಿಜವಾಗಿ ಅಂತಃಕರಣವುಳ್ಳವರು ಕಡಮೆ ಎಂಬ ಟೀಕೆಯೂ ಇದೆ. ಎಲ್ಲರೂ ವಿದ್ಯಾವಂತರು, ಲೆಕ್ಕಾಚಾರದವರು. ಮಗುವಿನ ಪ್ರತಿಯೊಂದು ಚಲನೆಯನ್ನೂ ಬರೆದಿಟ್ಟವರು. ಆ ದಿನಚರಿಗಳು, ಆ ಉದ್ದುದ್ದ ಪತ್ರಗಳು ತಂದೆತಾಯಿಗಳ ಗೀಳಿನ ಸ್ವಭಾವಕ್ಕೆ ಸಾಕ್ಷಿಯೆಂದು ಕ್ಯಾನರರು ಕಂಡರು. ಈ ಮಾತನ್ನು ಓದಿದಾಗ ನನಗೆ ಖೇದವಾಗುತ್ತದೆ. ಹೊಸ ರೋಗವೊಂದರ ಮೊದಲ ವರ್ಣನೆ ಸಾಧ್ಯವಾದುದೇ ಆ 33 ಪುಟಗಳಿಂದ. ಅದನ್ನು ಬರೆದುದೇ ಬರೆದವರ ಮೇಲಿನ ಆರೋಪವಾಯಿತು. ಅಲ್ಲದೆ, ಆ ಕಾಲದಲ್ಲಿ ದೂರದೂರುಗಳಿಂದ ಬಾಲ್ಟಿಮೋರಿನ ತಜ್ಞರ ಬಾಗಿಲಿಗೆ ಮಗುವನ್ನು ಕರೆತರಬಲ್ಲವರು ಯಾರು? ಹಣವೂ ವಿದ್ಯೆಯೂ ಇದ್ದವರೇ ಅಲ್ಲವೆ? ಬಾವಿಗೆ ಬಿಂದಿಗೆ ತಂದವರನ್ನಷ್ಟೇ ನೋಡಿ, ಊರಿನಲ್ಲಿ ಬಾಯಾರಿಕೆ ಇರುವುದು ಬಿಂದಿಗೆಯುಳ್ಳವರಿಗೆ ಮಾತ್ರ ಎಂದು ಹೇಳಿದ ಹಾಗಾಯಿತು.

1949ರ ಲೇಖನದಲ್ಲಿ ಆ ಉಪಮೆ ಬಂದಿತು. ಈ ಮಕ್ಕಳು ಮಂಜು ಕರಗದ ರೆಫ್ರಿಜರೇಟರಿನಲ್ಲಿ ಅಚ್ಚುಕಟ್ಟಾಗಿ ಇಟ್ಟವರ ಹಾಗೆ ಬೆಳೆದರು ಎಂಬುದು ಅದರ ಭಾವ. ಇದಕ್ಕೆ ಮುನ್ನ 1948ರಲ್ಲಿಯೇ ‘ಟೈಮ್’ ವಾರಪತ್ರಿಕೆ ಈ ಶೈತ್ಯದ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿತ್ತು. ಅಲಂಕಾರಶಾಸ್ತ್ರದಲ್ಲಿ ನಾವು ಮೂರು ಮೆಟ್ಟಿಲುಗಳನ್ನು ಪಾಠ ಹೇಳುತ್ತೇವೆ. ಮುಖವು ಚಂದ್ರನ ಹಾಗಿದೆ ಎಂದರೆ ಉಪಮೆ. ಮುಖವೇ ಚಂದ್ರ ಎಂದರೆ ರೂಪಕ. ಮುಖದ ಹೆಸರನ್ನೇ ಎತ್ತದೆ, ಅಗೋ ಚಂದ್ರ ಎಂದರೆ ಅತಿಶಯೋಕ್ತಿ. ಅಲ್ಲಿ ಉಪಮಾನವು ಉಪಮೇಯವನ್ನು ನುಂಗಿಬಿಟ್ಟಿರುತ್ತದೆ. ಕಾವ್ಯದಲ್ಲಿ ಇದು ಸೊಗಸು. ಆಸ್ಪತ್ರೆಯಲ್ಲಿ ಹಾಗಲ್ಲ. ರೆಫ್ರಿಜರೇಟರಿನ ಹಾಗಿದ್ದ ಮನೆ ಕೆಲವೇ ವರ್ಷಗಳಲ್ಲಿ ‘ರೆಫ್ರಿಜರೇಟರ್ ತಾಯಿ’ ಎಂಬ ಪರಿಭಾಷೆಯಾಗಿ ಹೆಪ್ಪುಗಟ್ಟಿತು. ಕ್ಯಾನರರ ಮೂಲದಲ್ಲಿ ತಂದೆಯೂ ಇದ್ದ. ಜನರ ಬಾಯಲ್ಲಿ ಅವನು ಮೆಲ್ಲಗೆ ಜಾರಿಕೊಂಡ. ಉಳಿದವಳು ತಾಯಿ. ಕೊನೆಗೆ ಅವಳೂ ಕಾಣದಾಗಿ ಪೆಟ್ಟಿಗೆಯೊಂದೇ ಉಳಿಯಿತು. 1941ರಲ್ಲಿ ‘ತಾಯಂದಿರ ಪರವಾಗಿ’ ಎಂಬ ಅರ್ಥದ ಹೆಸರಿಟ್ಟು ಪುಸ್ತಕವನ್ನೇ ಬರೆದಿದ್ದವರು ಇದೇ ಕ್ಯಾನರ್ ಎಂಬುದನ್ನು ಯಾರೂ ನೆನೆಯಲಿಲ್ಲ.

ಈ ಮಾತನ್ನು ಅದರ ತುತ್ತತುದಿಗೆ ಒಯ್ದವರು ಷಿಕಾಗೋದ ಬ್ರೂನೋ ಬೆಟಲ್‌ಹೈಮ್. ಅವರು ವಿಯೆನ್ನಾದವರು, ಯೆಹೂದ್ಯರು. 1938-39ರಲ್ಲಿ ನಾಜಿಗಳ ಡಾಕಾವ್ ಮತ್ತು ಬುಕೆನ್‌ವಾಲ್ಡ್ ಸೆರೆಶಿಬಿರಗಳ ನರಕವನ್ನು ಉಂಡು ಬಂದವರು. ಶಿಬಿರದಲ್ಲಿ ಎಲ್ಲ ಆಸೆಯನ್ನೂ ತೊರೆದು ಕಲ್ಲಾಗಿ ಹೋದ ಕೈದಿಗಳನ್ನು ಅವರು ಕಂಡಿದ್ದರು. ಮುಂದೆ ಷಿಕಾಗೋ ವಿಶ್ವವಿದ್ಯಾಲಯದ ವಸತಿಶಾಲೆಯಲ್ಲಿ ಮಾತಾಡದ ಮಕ್ಕಳನ್ನು ನೋಡಿದಾಗ ಅವರಿಗೆ ಆ ಕೈದಿಗಳ ನೆನಪಾಯಿತು. ಅಲ್ಲಿಂದ ತರ್ಕ ತಾನಾಗಿ ಓಡಿತು: ಮಗು ಕೈದಿಯಾದರೆ ಮನೆಯೇ ಶಿಬಿರ, ಹಾಗಾದರೆ ಕಾವಲುಗಾರರು ಯಾರು? 1967ರಲ್ಲಿ ಬಂದ ಅವರ ಪುಸ್ತಕದ ಹೆಸರು ‘ಬರಿದಾದ ಕೋಟೆ’ ಎಂಬ ಅರ್ಥದ್ದು. ಮಗು ಇಲ್ಲದಿದ್ದರೆ ಒಳ್ಳೆಯದಿತ್ತು ಎಂಬ ತಂದೆತಾಯಿಗಳ ಗುಪ್ತ ಇಚ್ಛೆಯೇ ರೋಗವನ್ನು ಹೊರಡಿಸುತ್ತದೆ ಎಂದು ಅದರಲ್ಲಿ ವಾದಿಸಿದರು. ಚಿಕಿತ್ಸೆಯೆಂದರೆ ಮಗುವನ್ನು ಮನೆಯಿಂದ ಬಿಡಿಸುವುದು. ಪುಸ್ತಕವು ಬಹುಜನಪ್ರಿಯವಾಯಿತು. ಅವರ ಯಾತನೆಯನ್ನು ಗೌರವಿಸಬಲ್ಲೆ. ಆ ಯಾತನೆಯ ಲೆಕ್ಕವನ್ನು ಬೇರೆಯವರ ಮನೆಯ ಬಾಗಿಲಿಗೆ ತಂದಿಟ್ಟುದನ್ನು ಒಪ್ಪಲಾರೆ.

ಆ ಕಾಲದ ಒಬ್ಬ ತಾಯಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಮಗುವಿನ ಮೇಲೆ ನಿನಗೆ ದ್ವೇಷವಿದೆಯೇ ಎಂದು ಕೇಳುತ್ತಾರೆ. ಇಲ್ಲ ಎಂದರೆ, ಅದು ಮನಸ್ಸಿನ ತಳದಲ್ಲಿ ಅಡಗಿದೆ, ನಿನಗೇ ತಿಳಿಯದು ಎನ್ನುತ್ತಾರೆ. ಒಮ್ಮೊಮ್ಮೆ ಬೇಸರವಾಗುತ್ತದೆ ಎಂದರೆ, ರುಜುವಾತಾಯಿತು. ಸೀತೆಗೆ ಅಗ್ನಿಪರೀಕ್ಷೆಯೆಂಬುದೊಂದು ಇತ್ತು; ಇವರಿಗೆ ಪಾರಾಗಿ ಬರಬಹುದಾದ ಪರೀಕ್ಷೆಯೇ ಇರಲಿಲ್ಲ.

ಅಪವಾದವನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರು ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲೆಂಡ್. 1956ರಲ್ಲಿ ಹುಟ್ಟಿದ ಅವರ ಮಗ ಇಂಥ ಮಗುವಾಗಿದ್ದ. ಹೆಂಡತಿಯ ಪ್ರೀತಿ ಎಂಥದೆಂಬುದನ್ನು ಕಣ್ಣಾರೆ ಕಂಡಿದ್ದ ಆತ ಸಿಕ್ಕ ಸಿಕ್ಕ ಲೇಖನಗಳನ್ನೆಲ್ಲ ಓದಿದರು. ಅವರ ಪ್ರಶ್ನೆಗಳು ಸರಳವಾಗಿದ್ದವು. ಅದೇ ತಾಯಿಯ ಉಳಿದ ಮಕ್ಕಳು ಏಕೆ ಸರಿಯಾಗಿದ್ದಾರೆ? ಹುಡುಗರಲ್ಲಿಯೇ ಏಕೆ ಹೆಚ್ಚು? ಹುಟ್ಟಿದಾಗಿನಿಂದಲೇ ಬೇರೆಯಾಗಿದ್ದ ಮಗುವನ್ನು ತಾಯಿ ಕೆಡಿಸಿದ್ದು ಯಾವಾಗ? 1964ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದವರು ಸ್ವತಃ ಕ್ಯಾನರ್. ಮರುವರ್ಷ ತಂದೆತಾಯಿಗಳ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. 1969ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಅದರ ಸಭೆಗೆ ಎಪ್ಪತ್ತೈದು ವರ್ಷದ ಕ್ಯಾನರ್ ಬಂದು, ನೆರೆದಿದ್ದ ತಂದೆತಾಯಿಗಳನ್ನು ದೋಷಮುಕ್ತರೆಂದು ಸಾರಿದರು. ನ್ಯಾಯಾಲಯದ ಭಾಷೆಯನ್ನೇ ಅವರು ಬಳಸಿದುದು ಗಮನಾರ್ಹ. ಆರೋಪವಿದ್ದುದನ್ನು ಅದು ಒಪ್ಪುತ್ತದೆ. ಹೊರಿಸಿದವರು ಯಾರೆಂಬುದನ್ನು ಹೇಳುವುದಿಲ್ಲ.

ಆದರೆ ಸಭೆಯ ಚಪ್ಪಾಳೆಯಿಂದ ಶಾಸ್ತ್ರ ನಿರ್ಣಯವಾಗದು. ತಾಯಿ ಕಾರಣಳಲ್ಲ ಎಂಬುದಕ್ಕೂ ಪ್ರಮಾಣ ಬೇಕು. ಅದು ಬಂದುದು ಇಂಗ್ಲೆಂಡಿನಿಂದ, ಎಣಿಕೆಯ ದಾರಿಯಿಂದ. ಬಾಗಿಲಿಗೆ ಬಂದ ಮಕ್ಕಳನ್ನು ನೋಡುವುದರ ಬದಲು ಒಂದು ಪ್ರದೇಶದ ಎಲ್ಲ ಮಕ್ಕಳನ್ನೂ ನೋಡಬೇಕು ಎಂಬುದು ಈ ದಾರಿಯ ಮೂಲಸೂತ್ರ. ಮೈಕೆಲ್ ರಟರ್ ಎಂಬ ಯುವ ವೈದ್ಯರೂ ಅವರ ಸಹೋದ್ಯೋಗಿಗಳೂ 1964-65ರಲ್ಲಿ ದಕ್ಷಿಣ ತೀರದ ವೈಟ್ ದ್ವೀಪದಲ್ಲಿ 10-11 ವರ್ಷ ವಯಸ್ಸಿನ ಸಮಸ್ತ ಮಕ್ಕಳನ್ನೂ ಪರಿಶೀಲನೆಗೆ ತೆಗೆದುಕೊಂಡರು; ಸುಮಾರು 2,200 ಮಕ್ಕಳು. ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಪ್ರಶ್ನಾವಳಿ ಕೊಟ್ಟರು. ಮಕ್ಕಳೊಡನೆಯೇ ಕುಳಿತು ಮಾತಾಡಿದರು. 100ಕ್ಕೆ 6.8 ಮಕ್ಕಳಲ್ಲಿ ಮನಸ್ಸಿನ ತೊಂದರೆ ಕಂಡಿತು. ಅವರಲ್ಲಿ ಚಿಕಿತ್ಸೆ ದೊರೆತವರು ತೀರ ಸ್ವಲ್ಪ. ಆ ಮಕ್ಕಳೇ 14-15ರ ಪ್ರಾಯಕ್ಕೆ ಬಂದಾಗ ಮತ್ತೆ ಮಾತಾಡಿಸಿದರೆ, ಹಿರಿಯರು ಗಮನಿಸಿಯೇ ಇರದ ದುಃಖವನ್ನು ಅನೇಕರು ತಾವಾಗಿ ಹೇಳಿಕೊಂಡರು. ಹರೆಯದ ಮಕ್ಕಳನ್ನೇ ಕೇಳಿದರೆ ಮಾತ್ರ ತಿಳಿಯುವ ಸಂಗತಿಗಳಿವೆ ಎಂಬುದು ಆಗ ಹೊಸ ವಿಚಾರ.

ಅದೇ ರಟರರು ಆಟಿಸಂ ಇದ್ದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದಾಗ, ಗಣನೀಯ ಸಂಖ್ಯೆಯವರಿಗೆ ಹರೆಯದಲ್ಲಿ ಮೂರ್ಛೆರೋಗ ತಲೆದೋರಿತು. ತಾಯಿಯ ಉದಾಸೀನದಿಂದ ಮೂರ್ಛೆ ಬರುವುದೆಂದು ವಾದಿಸುವುದು ಕಷ್ಟ. ನಿರ್ಣಾಯಕವಾದ ಪೆಟ್ಟು ಬಿದ್ದುದು 1977ರಲ್ಲಿ. ಸೂಸನ್ ಫೋಲ್‌ಸ್ಟೀನ್ ಎಂಬ ವೈದ್ಯೆ ಮತ್ತು ರಟರ್ ಕೂಡಿ ಬ್ರಿಟನ್ನಿನಲ್ಲೆಲ್ಲ ಹುಡುಕಿ, ಒಬ್ಬರಿಗಾದರೂ ಆಟಿಸಂ ಇದ್ದ 21 ಅವಳಿ ಜೋಡಿಗಳನ್ನು ಕಲೆಹಾಕಿದರು. ಇದರ ತರ್ಕ ಹೀಗೆ: ಅವಳಿಗಳಲ್ಲಿ ಎರಡು ಬಗೆ. ಒಂದೇ ಅಂಡ ಒಡೆದು ಇಬ್ಬರಾದವರು ಒಂದು. ಎರಡು ಅಂಡಗಳಿಂದ ಏಕಕಾಲದಲ್ಲಿ ಬೆಳೆದವರು ಇನ್ನೊಂದು. ತಾಯಿ ಇಬ್ಬರಿಗೂ ಒಬ್ಬಳೇ, ತೊಟ್ಟಿಲೂ ಹಾಲೂ ಗದರಿಕೆಯೂ ಒಂದೇ. ರೋಗ ತಾಯಿಯ ನಡತೆಯಿಂದ ಬರುವುದಾದರೆ ಎರಡು ಬಗೆಯ ಜೋಡಿಗಳಲ್ಲಿ ಅಂತರವಿರಬಾರದು. ಆದರೆ ಏಕರೂಪದ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಭಿನ್ನರೂಪದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಮಾತಿನ, ಬುದ್ಧಿಯ ಇತರ ತೊಡಕುಗಳನ್ನೂ ಸೇರಿಸಿ ನೋಡಿದರೆ ಅಂತರ ಇನ್ನೂ ದೊಡ್ಡದು: 11ರಲ್ಲಿ 9, 10ರಲ್ಲಿ 1. ಸಂಖ್ಯೆ ಚಿಕ್ಕದು, ನಿಜ. ಆದರೆ ಇಲ್ಲಿ ಹೋಲಿಸಲು ಎದುರುಗಡೆ ಇನ್ನೊಂದು ಗುಂಪಿತ್ತು. ಕ್ಯಾನರರ ಹನ್ನೊಂದು ಮಕ್ಕಳ ಎದುರಿಗೆ ಅಂಥದೇನೂ ಇರಲಿಲ್ಲ. ಮುಂದಿನ ಸಂಶೋಧನೆಗಳು ಈ ಆನುವಂಶಿಕತೆಯನ್ನು ದೃಢಪಡಿಸಿದವು. ಕಾರಣ ಒಂದೇ ಬೀಜಗುಣವಲ್ಲ, ಹಲವು ಎಂಬುದೂ ತಿಳಿಯಿತು. ವಿದ್ಯಾವಂತರ ಮನೆಯ ರೋಗವೆಂಬ ಮಾತನ್ನು ಲೋರ್ನಾ ವಿಂಗ್ 1980ರಲ್ಲಿ ತೊಡೆದುಹಾಕಿದರು. ಲಂಡನ್ನಿನ ಒಂದು ಭಾಗದ ಮಕ್ಕಳನ್ನೆಲ್ಲ ಎಣಿಸಿದಾಗ ಅಂತಸ್ತಿನ ಭೇದ ಕಾಣಲಿಲ್ಲ. ಆಕೆಯೂ ಇಂಥ ಮಗಳೊಬ್ಬಳ ತಾಯಿ.

ಅಪವಾದ ಇಲ್ಲಿಗೆ ಮುಗಿಯಿತೆ? ಅದು ವೇಷ ಬದಲಿಸಿತು ಅಷ್ಟೆ. 1998ರಲ್ಲಿ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೇವಲ 12 ಮಕ್ಕಳನ್ನು ಕುರಿತ ಒಂದು ಲೇಖನ ಬಂದು, ದಡಾರ ಮೊದಲಾದ ರೋಗಗಳ ಲಸಿಕೆಯ ಮೇಲೆ ಸಂಶಯ ಹುಟ್ಟಿಸಿತು. ತಾನೇ ಎತ್ತಿಕೊಂಡು ಹೋಗಿ ಚುಚ್ಚಿಸಿದೆನಲ್ಲಾ ಎಂದು ತಾಯಂದಿರು ಮತ್ತೆ ಬೇಯತೊಡಗಿದರು. 2002ರಲ್ಲಿ ಡೆನ್ಮಾರ್ಕಿನವರು 5,37,303 ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಲಸಿಕೆ ಹಾಕಿಸಿದವರಲ್ಲಿ ಆಟಿಸಂ ಹೆಚ್ಚಿಲ್ಲವೆಂದು ತೋರಿಸಿದರು. ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಸಂಶಯ ಮಾತ್ರ ಇನ್ನೂ ಹಿಂತಿರುಗಿಲ್ಲ.

ನಮ್ಮಲ್ಲಿಯೂ ಎಣಿಕೆ ನಡೆದಿದೆ. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ನಗರದ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿ ಮೂರನ್ನೂ ಆರಿಸಿಕೊಂಡು 16 ವರ್ಷದವರೆಗಿನ 2,064 ಮಕ್ಕಳನ್ನು ಪರಿಶೀಲಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಎಲ್ಲ ಬಗೆಯ ತೊಂದರೆಗಳನ್ನೂ ಸೇರಿಸಿ 100ಕ್ಕೆ 12.5. ಇಷ್ಟು ಮಕ್ಕಳ ಹಿಂದೆ ಇಷ್ಟೇ ಮಂದಿ ತಾಯಂದಿರು ನೆರೆಹೊರೆಯ ನ್ಯಾಯಾಲಯದಲ್ಲಿ ನಿಂತಿರುತ್ತಾರೆ ಎಂದು ವರದಿಯಲ್ಲಿ ಬರೆಯುವ ಪದ್ಧತಿಯಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪ್ರೌಢಶಾಲೆಯಲ್ಲಿ ಅಧ್ಯಾಪಿಕೆ. ಮೂರು ವರ್ಷವಾದರೂ ಅವಳ ಮಗ ಅಮ್ಮ ಎನ್ನಲಿಲ್ಲ. ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದಳು ಎಂದು ಮನೆಯ ಹಿರಿಯರು ಹೇಳಿದರೆ, ಕೆಲಸಕ್ಕೆ ಹೋಗಿ ಮಗುವನ್ನು ಒಂಟಿಯಾಗಿ ಬಿಟ್ಟಳು ಎಂದು ಓದಿದ ಬಂಧುಗಳು ಹೇಳಿದರು. ಆಟಿಸಂ ಎಂದು ವೈದ್ಯರು ತಿಳಿಸಿದ ಮೇಲೆ ಅವಳು ಒಂದು ನೋಟುಬುಕ್ಕಿನಲ್ಲಿ ಮಗನ ಮಾತುಗಳನ್ನು ತಾರೀಖು ಹಾಕಿ ಬರೆದಿಡತೊಡಗಿದಳು. “ಸರ್, ಇವನು ಅಳು ಬಂದಾಗಲೆಲ್ಲ ‘ಬಸ್ಸು ಹೋಯ್ತು’ ಅಂತಾನೆ” ಎಂದಳು ಒಮ್ಮೆ. ತಾತ ಊರಿಗೆ ಹೊರಟ ದಿನ ನಿಲ್ದಾಣದಲ್ಲಿ ಯಾರೋ ಆಡಿದ ಮಾತಂತೆ ಅದು. ನಾನು ಅವಳಿಗೆ ಕ್ಯಾನರರ 1946ರ ಲೇಖನದ ವಿಷಯ ಹೇಳಿದೆ. 1949ರದನ್ನು ಹೇಳುವ ಗೋಜಿಗೆ ಹೋಗಲಿಲ್ಲ.

ಡೊನಾಲ್ಡ್ ಮುಂದೇನಾದ ಎಂದು ಕೇಳುಗರು ಕೇಳಬಹುದು. 1942ರಲ್ಲಿ ತಂದೆತಾಯಿಗಳು ಅವನನ್ನು ಮನೆಯಿಂದ ಹತ್ತು ಮೈಲಿಯ ದೂರದಲ್ಲಿದ್ದ ಒಬ್ಬ ಗೇಣಿ ರೈತ ದಂಪತಿಗಳ ಮನೆಯಲ್ಲಿ ಬಿಟ್ಟರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿದಾಗ ಆ ದಂಪತಿಗಳ ವಿವೇಕಕ್ಕೆ ಬೆರಗಾದರು. ಹುಡುಗನಿಗೆ ಅಳತೆಯ ಹುಚ್ಚು. ಅವರು ಅವನಿಂದ ಬಾವಿ ತೋಡಿಸಿ ಅದರ ಆಳವನ್ನು ಅಳೆಯಲು ಹೇಳಿದ್ದರು. ಸತ್ತ ಹಕ್ಕಿ, ಹುಳುಗಳನ್ನು ತಂದು ಗುಡ್ಡೆಹಾಕುತ್ತಿದ್ದ. ಅವಕ್ಕೊಂದು ಸ್ಮಶಾನಕ್ಕೆ ಜಾಗ ಕೊಟ್ಟರು, ಅವನು ಗುರುತುಗಳನ್ನು ನೆಟ್ಟ. ಎಣಿಕೆಯ ಗೀಳು ಇತ್ತು. ಉಳುತ್ತ ಜೋಳದ ಸಾಲುಗಳನ್ನು ಎಣಿಸಲು ಬಿಟ್ಟರು. ಕ್ಯಾನರರ ಕಣ್ಣೆದುರಿಗೇ ಅವನು ಕುದುರೆ ಕಟ್ಟಿ ಆರು ಉದ್ದ ಸಾಲುಗಳನ್ನು ಉತ್ತು ತೋರಿಸಿದ. ಆ ರೈತರು ಯಾವ ಮನಶ್ಶಾಸ್ತ್ರವನ್ನೂ ಓದಿದವರಲ್ಲ. ಮುಂದೆ ಡೊನಾಲ್ಡ್ ಕಾಲೇಜು ಮುಗಿಸಿ, ತನ್ನೂರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡುತ್ತ, ಒಬ್ಬನೇ ದೇಶದೇಶಗಳನ್ನು ಸುತ್ತುತ್ತ ಬಾಳಿದ. ಪರಿಚಯದವರಿಗೆ ಒಂದೊಂದು ಸಂಖ್ಯೆ ಕೊಡುವ ಅಭ್ಯಾಸವಿತ್ತು. ವರ್ಷಗಳ ಮೇಲೆ ಸಿಕ್ಕಿದರೂ ಅವರವರ ಸಂಖ್ಯೆಯನ್ನು ಮರೆಯುತ್ತಿರಲಿಲ್ಲವಂತೆ. 2023ರ ಜೂನ್ ತಿಂಗಳಲ್ಲಿ, 89 ವರ್ಷ ಬದುಕಿ, ಫಾರೆಸ್ಟ್ ಊರಿನ ಆ ಹಿರಿಯರು ತೀರಿಕೊಂಡರು.